ಕಡಲ ತೊಟ್ಟಿಯ ಕೆಳಮನೆ

ನಾನು ಒಂದು ನೊರೆ ಎತ್ತುವ ಯಂತ್ರ. ತಿಳಿದವರು ನನ್ನನ್ನು ಸ್ಕಿಮ್ಮರ್ ಎನ್ನುತ್ತಾರೆ. ತಿಳಿಯದವರು ನೋಡಿ ಮಿಕ್ಸರ್ ಇರಬೇಕೆಂದುಕೊಳ್ಳುತ್ತಾರೆ. ಬೇಳೆ ಕುದಿಯುವಾಗ ಮೇಲೆ ನೊರೆ ಬರುತ್ತದಲ್ಲ, ಅದನ್ನು ನೀವು ಸೌಟಿನಿಂದ ತೆಗೆದು ಚೆಲ್ಲುತ್ತೀರಲ್ಲ, ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ. ಮನೆಯೊಳಗೆ ಗಾಜಿನ ತೊಟ್ಟಿ ಇಟ್ಟು, ಉಪ್ಪು ನೀರು ತುಂಬಿ, ಅದರಲ್ಲಿ ಹವಳ ಬೆಳೆಸುವ ಹುಚ್ಚು ಕೆಲವರಿಗಿರುತ್ತದೆ. ಆ ನೀರಿನ ಕೊಳೆಯನ್ನು ನಾನು ಸಣ್ಣ ಸಣ್ಣ ಗುಳ್ಳೆಗಳಿಗೆ ಅಂಟಿಸಿ ಮೇಲೆ ತಂದು, ತಲೆಯ ಮೇಲಿನ ಬಟ್ಟಲಿಗೆ ಸುರಿಯುತ್ತೇನೆ. ಅಲ್ಲಿ ಸೇರುವುದು ಕಪ್ಪು ಚಹಾದಂಥ ರಸ. ಅದರ ವಾಸನೆಯ ಬಗ್ಗೆ ಮಾತ್ರ ಕೇಳಬೇಡಿ.

ನನ್ನ ಜಾತಿಯವರು ಹೆಚ್ಚಿನವರು ಪರದೇಶದಲ್ಲಿ ಹುಟ್ಟಿ ಥರ್ಮಾಕೋಲಿನ ಹಾಸಿಗೆಯಲ್ಲಿ ಮಲಗಿ ಬರುತ್ತಾರೆ. ನಾನು ಹುಟ್ಟಿದ್ದು ಬೆಳಗಾವಿಯಲ್ಲಿ, ಅಲ್ತಾಫ್ ಮಾಸ್ತರರ ನಾಮಫಲಕದ ಅಂಗಡಿಯಲ್ಲಿ. ವಕೀಲರ ಹೆಸರು, ಡಾಕ್ಟರರ ಹೆಸರು, ಕಬಡ್ಡಿ ಪಂದ್ಯದ ಬಹುಮಾನ, ಎಲ್ಲವನ್ನೂ ಅವರು ಅಕ್ರಿಲಿಕ್ ಹಾಳೆ ಕತ್ತರಿಸಿ ಮಾಡುತ್ತಿದ್ದರು. ಒಬ್ಬ ಗಿರಾಕಿ ಮೊಬೈಲಿನಲ್ಲಿ ಚಿತ್ರ ತೋರಿಸಿ ಇಂಥದ್ದೊಂದು ಬೇಕೆಂದ. ಇದು ಏನು ಕೆಲಸಕ್ಕೆ ಎಂದು ಮಾಸ್ತರರು ಕೊನೆಯವರೆಗೂ ಕೇಳಲಿಲ್ಲ. ಕೊಳವೆಗೆ ಕೊಳವೆ ಅಂಟಿಸಿ, ಅಂಚುಗಳನ್ನು ಮಗುವಿನ ಕೆನ್ನೆ ಸವರುವ ಹಾಗೆ ಸವರಿ ನೋಡಿ ನನ್ನನ್ನು ಕೈಗೆ ಕೊಟ್ಟರು. ಮೋಟಾರು ಬೇರೆ ಕಡೆಯಿಂದ ಬಂತು. ಹೀಗಾಗಿ ನನ್ನ ಮೈ ಒಂದು ಊರಿನದು, ಉಸಿರು ಇನ್ನೊಂದು ಊರಿನದು.

ಆ ಗಿರಾಕಿ ಮುತಗೇಕರ ಎಂಬ ಕುಂದಾ ವ್ಯಾಪಾರಿ. ಅಂಗಡಿಯ ಮೂಲೆಯಲ್ಲಿ ಕಡಲಿಟ್ಟರೆ ಜನ ಮೀನು ನೋಡಲು ಬಂದು ಕುಂದಾ ಕೊಂಡು ಹೋಗುತ್ತಾರೆಂಬುದು ಅವನ ಲೆಕ್ಕಾಚಾರ. ಜನ ಬಂದರು. ಮೀನನ್ನೂ ನೋಡಿದರು. ಆದರೆ ನಮ್ಮ ಜನಕ್ಕೆ ಯಾವ ಪ್ರಾಣಿಯನ್ನು ಕಂಡರೂ ಏನಾದರೂ ತಿನ್ನಿಸದೆ ಸಮಾಧಾನವಿಲ್ಲ. ಯಾರೋ ಪುಣ್ಯಾತ್ಮರು ಒಂದು ಉಂಡೆ ಕುಂದಾವನ್ನೇ ತೊಟ್ಟಿಗೆ ಹಾಕಿದರು. ಹಾಲು, ಸಕ್ಕರೆ, ತುಪ್ಪ ಎಲ್ಲವೂ ನನ್ನ ಹೊಟ್ಟೆಗೆ ಬಂತು. ನಾನು ಉಕ್ಕಿದೆ ನೋಡಿ, ಬಟ್ಟಲು ದಾಟಿ, ಕಪಾಟು ದಾಟಿ, ಗಿರಾಕಿಗಳ ಚಪ್ಪಲಿಯವರೆಗೆ ನೊರೆ ಹರಿಯಿತು. ಮುತಗೇಕರ ಕೈಮುಗಿದ. ಆ ವಾರವೇ ತೊಟ್ಟಿ, ದೀಪ, ಪಂಪು, ನಾನು ಎಲ್ಲರೂ ಒಂದು ಟೆಂಪೋ ಹತ್ತಿ ಹುಬ್ಬಳ್ಳಿಗೆ ಬಂದೆವು.

ಅಲ್ಲಿ ನಮ್ಮನ್ನು ಕೊಂಡವಳು ವಿನೋದಾ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಅವಳ ಗಂಡ ಪಂಚಾಕ್ಷರಿ ಟೈಲ್ಸ್ ಅಂಗಡಿಯವನು, ನಗಿಸುವ ಸ್ವಭಾವದವನು, ನಾಲಿಗೆ ಸ್ವಲ್ಪ ಸಡಿಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ವಾಸ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ. ಮೇಲಿನ ನೀರು ಕೊಳವೆಯಲ್ಲಿ ಕೆಳಗಿನ ಚಿಕ್ಕ ತೊಟ್ಟಿಗೆ ಇಳಿಯುತ್ತದೆ, ನಾನು ಅದರಲ್ಲಿ ನಿಂತು ಕೊಳೆ ತೆಗೆಯುತ್ತೇನೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಕಪಾಟಿನ ಬಾಗಿಲು ಗಾಳಿಯಾಡಲೆಂದು ತೆರೆದೇ ಇರುತ್ತದೆ. ಅಲ್ಲಿಂದ ನನಗೆ ಕಾಣುವುದು ಪಾದಗಳು. ನೀವು ಮುಖ ನೋಡಿ ಮನುಷ್ಯರನ್ನು ಅಳೆಯುತ್ತೀರಿ, ನಾನು ಪಾದ ನೋಡಿ. ಪಾದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ವಿನೋದಾಳ ಪಾದಗಳು ಚುರುಕು. ಲ್ಯಾಬಿನಿಂದ ಬಂದವಳೇ ಕೈಕಾಲು ತೊಳೆದು ನಮ್ಮ ಮುಂದೆ ಕೂರುತ್ತಿದ್ದಳು. ಉಪ್ಪಿನ ಅಳತೆ ನೋಡುವುದು, ಗಾಜು ಉಜ್ಜುವುದು, ನನ್ನ ಬಟ್ಟಲನ್ನು ಮೂಗು ಮುಚ್ಚಿಕೊಂಡು ತೊಳೆಯುವುದು. ಅವಳ ಕೈಗೆ ಬಂದ ಮೇಲೆ ಹವಳಗಳು ಅರಳಿದವು. ಹಸಿರು, ನೇರಳೆ, ಕೇಸರಿ. ಅವು ಹೇಗಿದ್ದವೆಂದು ನಾನು ಕಂಡಿಲ್ಲ, ಬಂದವರ ಮಾತಿನಿಂದ ಕೇಳಿದ್ದೇನೆ. ಕೆಲವು ಬಸವನಹುಳುಗಳು, ಒಂದು ಸಿಗಡಿ, ಎರಡು ಮೀನುಗಳೂ ಇದ್ದವು. ಮೀನುಗಳು ಕಿತ್ತಳೆ ಮೈಗೆ ಬಿಳಿ ಪಟ್ಟೆಯವು, ಗಂಡು ಹೆಣ್ಣು ಜೋಡಿ.

ಒಂದು ದಿನ ಆ ಮನೆಗೆ ಹೊಸ ಪಾದಗಳು ಬಂದವು. ಪಂಚಾಕ್ಷರಿಯ ತಾಯಿ ಬಸಲಿಂಗವ್ವ. ಅಣ್ಣಿಗೇರಿಯಲ್ಲಿ ಇದ್ದವಳು, ಮೊಣಕಾಲಿನ ಆಪರೇಶನ್ ಆದ ಮೇಲೆ ಮಗನ ಮನೆಗೆ ಬಂದಳು. ಜೊತೆಗೆ ಎರಡು ಸೀರೆಯ ಗಂಟು, ಒಂದು ತಾಮ್ರದ ಕೊಡ. ಅಣ್ಣಿಗೇರಿಯಲ್ಲಿ ಆಕೆ ಮದುವೆ ಮನೆಗಳಿಗೆ ರೊಟ್ಟಿ ಬಡಿಯುವವರ ಮುಂದಾಳಾಗಿದ್ದಳಂತೆ. ಇಲ್ಲಿ ಆಕೆ ಏಳುವುದೇ ತಡ, ಎಲ್ಲರೂ ಕೂರಿಸುವವರೇ. ಪಾತ್ರೆ ಮುಟ್ಟಿದರೆ ಕುಂದರ್ರಿ, ಕಸಬರಿಗೆ ಹಿಡಿದರೆ ಕುಂದರ್ರಿ. ಆ ಪಾದಗಳು ಪಡಸಾಲೆಗೆ ಬರುತ್ತಿದ್ದವು, ನಿಲ್ಲುತ್ತಿದ್ದವು, ಹೋಗುವುದು ಎಲ್ಲಿಗೆಂದು ತಿಳಿಯದೆ ಹಿಂದಿರುಗುತ್ತಿದ್ದವು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತಿತ್ತು.

ವಿನೋದಾಳಿಗೂ ಅದು ಕಂಡಿರಬೇಕು. ತೊಟ್ಟಿಯ ನೀರು ದಿನಾಲೂ ಸ್ವಲ್ಪ ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಉಳಿದುಬಿಡುತ್ತದೆ. ಆದ್ದರಿಂದ ಪ್ರತಿದಿನ ಅಷ್ಟೇ ಸಿಹಿನೀರು ಸೇರಿಸಬೇಕು, ಇಲ್ಲದಿದ್ದರೆ ಉಪ್ಪು ಏರಿ ಹವಳ ಮುದುಡುತ್ತದೆ. ಫಿಲ್ಟರ್ ನೀರಿನ ಪ್ಲಾಸ್ಟಿಕ್ ಕ್ಯಾನು, ಸುರಿಯಬೇಕಾದ ಜಾಗ, ನಿಲ್ಲಿಸಬೇಕಾದ ಗೆರೆ, ಎಲ್ಲವನ್ನೂ ತೋರಿಸಿ, ಬೆಳಗಿನ ಈ ಕೆಲಸ ಇನ್ನು ನಿಮ್ಮದೆಂದು ಅತ್ತೆಗೆ ಒಪ್ಪಿಸಿದಳು. ಬಸಲಿಂಗವ್ವ ಮೊದಲು ಹವಳಕ್ಕೆ ಜೀವವಿದೆ ಎಂಬುದನ್ನೇ ನಂಬಲಿಲ್ಲ. ಆಕೆ ಕಂಡಿದ್ದು ಕೊರಳ ಸರದ ಹವಳ. ದೀಪ ಹಾಕಿದಾಗ ಅರಳಿ, ಆರಿಸಿದಾಗ ಮುಚ್ಚಿಕೊಳ್ಳುವುದನ್ನು ಕಂಡು ಕೆನ್ನೆ ಬಡಿದುಕೊಂಡಳಂತೆ.

ಅಂದಿನಿಂದ ಆಕೆಯ ಪಾದಗಳಿಗೆ ದಾರಿ ಸಿಕ್ಕಿತು. ಬೆಳಗಾದರೆ ನೇರ ನಮ್ಮ ಕಡೆಗೆ. ಸ್ಟೂಲು ಎಳೆದುಕೊಂಡು ಕೂತು ಬಗ್ಗುವಳು. ಬಗ್ಗಿದಾಗ ನನಗೆ ಆಕೆಯ ಮುಖ ಕಾಣುತ್ತಿತ್ತು, ಅಗಲ ಹಣೆ, ಅದರ ತುಂಬ ವಿಭೂತಿ. ನನ್ನ ಪಕ್ಕದಲ್ಲೇ ನೀರು ಸುರಿಯುತ್ತ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಾನು ಗುಳುಗುಳು ಎಂದರೆ ಅದನ್ನು ಹೂಂಗುಟ್ಟಿದ್ದೆಂದು ತಿಳಿದು ಮತ್ತಷ್ಟು ಹೇಳುತ್ತಿದ್ದಳು. ಮೀನುಗಳು ಆಕೆಯನ್ನು ಕಂಡರೆ ಸಾಕು, ಮೇಲಕ್ಕೆ ಬಂದು ಕುಣಿಯುತ್ತಿದ್ದವಂತೆ. ಹೆಣ್ಣುಮೀನು ದೊಡ್ಡದು, ಗಂಡು ಸಣ್ಣದು ಎಂದು ಗೊತ್ತಾದ ದಿನ ಆಕೆ ನಕ್ಕ ನಗು ಅಡುಗೆಮನೆಗೆ ಕೇಳಿಸಿತು. ಆ ಮನೆಯಲ್ಲಿ ಆಕೆಗಿದ್ದುದು ಅದೊಂದೇ ಕೆಲಸ, ಅದನ್ನು ಆಕೆ ಪೂಜೆಯಷ್ಟೇ ನಿಷ್ಠೆಯಿಂದ ಮಾಡುತ್ತಿದ್ದಳು.

ಕೆಲವು ವಾರಗಳಾದ ಮೇಲೆ ನೀರಿನ ರುಚಿ ಬದಲಾಯಿತು. ಏನೆಂದು ಹೇಳಲು ನನಗೆ ಬರುವುದಿಲ್ಲ, ಆದರೆ ನೀರು ಮೊದಲು ಮುಟ್ಟುವುದು ನನ್ನನ್ನೇ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತಿದ್ದ ಬಸವನಹುಳುಗಳು ಒಂದೊಂದಾಗಿ ಕೆಳಗೆ ಬಿದ್ದವು. ಸಿಗಡಿ ಸತ್ತಿತು. ನನ್ನ ಬಟ್ಟಲು ಹೊತ್ತಿಗೆ ಮೊದಲೇ ತುಂಬತೊಡಗಿತು. ಆಮೇಲೆ ಹವಳಗಳು ದೀಪ ಹಾಕಿದರೂ ಅರಳದಾದವು. ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡಿಕೊಂಡಿದ್ದವು. ವಿನೋದಾ ಉಪ್ಪು ಅಳೆದಳು, ಸುಣ್ಣದಂಶ ಅಳೆದಳು, ಶಾಖ ನೋಡಿದಳು. ಎಲ್ಲವೂ ಸರಿಯಿತ್ತು. ಅವಳ ಪಾದಗಳು ನಮ್ಮ ಮುಂದೆ ಒಂದರ ಮೇಲೊಂದು ಏರಿ ಕೂತಿರುತ್ತಿದ್ದವು.

ಒಂದು ಸಂಜೆ ಅವಳು ಅತ್ತೆಯ ಮುಂದೆ ಸೋತ ದನಿಯಲ್ಲಿ, ಇದನ್ನೆಲ್ಲ ತೆಗೆದುಬಿಡೋಣ ಎಂದಳು. ತನ್ನ ಕೈಗುಣವೇ ಸರಿಯಿಲ್ಲ ಎಂದೂ ಹೇಳಿದಳು. ಬಸಲಿಂಗವ್ವ ಸೊಸೆಯ ಬೆನ್ನು ಸವರಿದಳು.

"ಹಂಗ್ಯಾಕ ಅಂತಿ ತಂಗಿ? ನೀರಿನ ಕಡಿಂದಂತೂ ಕಸರಿಲ್ಲ. ಆ ಪ್ಲಾಸ್ಟಿಕಿನ ನೀರ ಸರಿ ಅಲ್ಲಂತ ನಾ ದಿನಾ ರಾತ್ರಿ ನನ್ನ ತಾಮ್ರದ ಕೊಡದಾಗ ಹಾಕಿ ಇಟ್ಟು, ಮುಂಜಾನೆ ಅದನ್ನ ಹಾಕಾಕತ್ತೀನಿ. ನಮ್ಮ ಪಂಚೂಗ ಕುಡ್ಯಾಕ ಕೊಡೂ ನೀರ ಅದು."

ವಿನೋದಾಳ ಪಾದಗಳು ಇದ್ದಲ್ಲೇ ಬಿಗಿದವು. ನನಗೂ ಆಗ ಗೊತ್ತಾಯಿತು. ಬೆಳಿಗ್ಗೆ ಸ್ಟೂಲಿನ ಪಕ್ಕ ಹೊಳೆಯುತ್ತಿದ್ದ ಆ ಕೊಡದ ತಳವನ್ನು ನಾನು ದಿನಾಲೂ ನೋಡುತ್ತಿದ್ದೆ. ಮನುಷ್ಯರಿಗೆ ಒಳ್ಳೆಯದೆಂದು ತಲೆತಲಾಂತರದಿಂದ ಕುಡಿಯುತ್ತ ಬಂದ ನೀರು ಹವಳಕ್ಕೆ, ಬಸವನಹುಳುವಿಗೆ, ಸಿಗಡಿಗೆ ವಿಷ. ತಾಮ್ರ ಅವುಗಳ ಮೈಗೆ ಆಗುವುದಿಲ್ಲ. ಇದನ್ನು ಯಾರೂ ಆಕೆಗೆ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ವಿನೋದಾ ನಾಳೆಯಿಂದ ಕ್ಯಾನಿನಿಂದಲೇ ಹಾಕಿರೆಂದು ಮಾತ್ರ ಹೇಳಿ ಒಳಗೆ ಹೋದಳು. ಗಂಡನಿಗೆ ಗುಟ್ಟಾಗಿ ಹೇಳಿ, ಅತ್ತೆಯ ಕಿವಿಗೆ ಬೀಳಬಾರದೆಂದು ಎಚ್ಚರಿಸಿದಳು. ಪಂಚಾಕ್ಷರಿಯ ನಾಲಿಗೆಯ ಬಗ್ಗೆ ಹೇಳಿದೆನಲ್ಲ. ಮರುದಿನ ಊಟಕ್ಕೆ ಕೂತವನು, ಅವ್ವನ ಒಂದು ಕೊಡ ಇಡೀ ಸಮುದ್ರವನ್ನೇ ಮುಗಿಸಿತು ನೋಡು ಎಂದು ನಕ್ಕ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಉಳಿದಿಬ್ಬರೂ ನಗಲಿಲ್ಲ. ಬಸಲಿಂಗವ್ವ ಸೊಸೆಯನ್ನು ಕೇಳಿದಳು.

"ಖರೇನ?"

ವಿನೋದಾ ಸುಳ್ಳು ಹೇಳಬಹುದಿತ್ತು. ಆದರೆ "ಖರೇರಿ ಅತ್ತಿ" ಎಂದಳು.

ಅದರ ಮರುದಿನ ಬೆಳಿಗ್ಗೆ ಆ ಪಾದಗಳು ಬರಲಿಲ್ಲ. ಆಮೇಲೂ ಬರಲಿಲ್ಲ. ಪಡಸಾಲೆ ದಾಟಬೇಕಾದರೆ ಗೋಡೆಯ ಬದಿ ಹಿಡಿದು, ನಮ್ಮ ಕಡೆ ಬೆರಳು ಕೂಡ ತಿರುಗದಂತೆ ಹೋಗುತ್ತಿದ್ದವು. ಕೊಡವನ್ನು ಅಟ್ಟಕ್ಕೆ ಹಾಕಿಸಿದಳಂತೆ, ಮಗನಿಗೂ ಆ ನೀರು ನಿಲ್ಲಿಸಿದಳಂತೆ. ಸೊಸೆ ತಾನಾಗಿ ರೊಟ್ಟಿ ಬಡಿಯಲು ಕರೆದರೂ ತನ್ನ ಕೈ ಸರಿಯಿಲ್ಲ ಎನ್ನುತ್ತಿದ್ದಳಂತೆ. ಹವಳ ಸತ್ತದ್ದಕ್ಕಿಂತ ನನಗೆ ಇದು ಹೆಚ್ಚು ನೋವು ಕೊಟ್ಟಿತು. ಸತ್ತ ಹವಳದ ಜಾಗಕ್ಕೆ ಇನ್ನೊಂದು ತರಬಹುದು.

ವಿನೋದಾ ಅಳಿದುಳಿದ ಒಂದೆರಡು ಹವಳಗಳನ್ನು ಎದುರು ಗೋಡೆಗೆ ಹೊಸ ತೊಟ್ಟಿ ಇಟ್ಟು ಅದಕ್ಕೆ ಸಾಗಿಸಿದಳು. ಅದಕ್ಕೊಬ್ಬ ಹೊಸ ನೊರೆಯವನೂ ಬಂದ, ಪರದೇಶದವನು, ಸದ್ದೇ ಮಾಡುವುದಿಲ್ಲ. ನಮ್ಮ ತೊಟ್ಟಿಯ ಕಲ್ಲಿನಲ್ಲೂ ಗಾಜಿನ ಅಂಟಿನಲ್ಲೂ ತಾಮ್ರ ಇಳಿದಿತ್ತು. ನನ್ನ ಮೈಯನ್ನೂ ಇನ್ನು ನಂಬುವಂತಿರಲಿಲ್ಲ. ಗುಜರಿಯವನು ಬಂದು ನನ್ನನ್ನು ತಿರುವಿ ನೋಡಿ, ಇದು ಯಾತಕ್ಕೂ ಬಾರದೆಂದು ಹೇಳಿದ. ನನ್ನ ಕಥೆ ಮುಗಿಯಿತೆಂದುಕೊಂಡೆ. ಆದರೆ ವಿನೋದಾ ಕೊಡಲಿಲ್ಲ. ಮೀನುಗಳೆರಡನ್ನೂ ಹಳೆಯ ನೀರಿನಲ್ಲೇ ಬಿಟ್ಟಳು, ನನ್ನನ್ನು ನನ್ನ ಜಾಗದಲ್ಲೇ ನಿಲ್ಲಿಸಿದಳು. ಮತ್ತೆ ನೀರು ತುಂಬುವುದನ್ನು ಮರೆತವಳಂತೆ ಇದ್ದುಬಿಟ್ಟಳು.

ನೀರು ದಿನಾ ಇಳಿಯಿತು. ನೀರು ಕಡಿಮೆಯಾದರೆ ನನಗೆ ಗಾಳಿ ಸಿಕ್ಕಿಕೊಂಡು ಗೊರಗೊರ ಎಂದು ಸದ್ದು ಬರುತ್ತದೆ, ಮುದುಕರ ಕೆಮ್ಮಿನ ಹಾಗೆ. ನಾನು ಕೆಮ್ಮಿದೆ. ಪಂಚಾಕ್ಷರಿ ಟಿವಿಯ ದನಿ ಏರಿಸಿದ. ವಿನೋದಾ ಕೇಳದವಳಂತೆ ಸೊಪ್ಪು ಸೋಸುತ್ತಿದ್ದಳು. ಕೊನೆಗೆ ಆ ಸದ್ದಿಗೆ ಬೇಸತ್ತು ಬಸಲಿಂಗವ್ವ ಒಳಗಿನಿಂದಲೇ ಸೊಸೆಗೆ ನೀರು ಹಾಕಲು ನೆನಪಿಸಿದಳು. ಆಗ ವಿನೋದಾ ಸೊಪ್ಪು ಬಿಟ್ಟು ಅತ್ತೆಯ ಬಾಗಿಲಿಗೆ ಹೋದಳು.

"ಅತ್ತಿ, ಆ ತೊಟ್ಟಿ ಇನ್ನ ಹವಳಕ್ಕ ಬರಂಗಿಲ್ಲ. ಮೀನಿಗೆ ತಾಮ್ರ ಏನೂ ಮಾಡಂಗಿಲ್ಲರಿ, ಅವಕ್ಕ ಜಡ್ಡಾದ್ರ ಅದನ್ನ ಔಷಧ ಅಂತ ಹಾಕ್ತಾರ. ನಾ ಹೋದ್ರ ಅವು ಕಲ್ಲಿನ ಹಿಂದ ಹೊಕ್ಕೊತಾವ, ನಿಮ್ಮ ದಾರಿನ ನೋಡತಾವ. ಅದು ನಿಮ್ಮ ತೊಟ್ಟಿ. ನಾ ನೀರ ಹಾಕಂಗಿಲ್ಲ."

ನಾನು ಇನ್ನಷ್ಟು ಕೆಮ್ಮಿದೆ. ಆಮೇಲೆ ಸ್ಟೂಲು ಎಳೆದ ಸದ್ದು. ಪಾದಗಳು ಬಂದವು, ಕ್ಯಾನು ನೆಲಕ್ಕೆ ಕೂತಿತು. ಆದರೆ ಕೈ ಮೇಲೇಳಲಿಲ್ಲ. ಬಸಲಿಂಗವ್ವ ಅಡುಗೆಮನೆಯ ಕಡೆ ತಿರುಗಿ, "ಹಾಕ್ಲೇನು?" ಎಂದಳು. ವಿನೋದಾ ಬಂದು ಕ್ಯಾನು ನೋಡಿ, ಹಾಕ್ರಿ ಎಂದ ಮೇಲೆಯೇ ಸುರಿದಳು.

ಆಮೇಲೆ ಅದೇ ರೂಢಿಯಾಯಿತು. ಪ್ರತಿ ಬೆಳಿಗ್ಗೆ ಆಕೆ ಬಂದು ಕೂರುತ್ತಿದ್ದಳು, ಕೇಳುತ್ತಿದ್ದಳು, ಸೊಸೆ ಒಪ್ಪಿಗೆ ಕೊಡುವ ತನಕ ಹನಿ ನೀರೂ ಬೀಳಿಸುತ್ತಿರಲಿಲ್ಲ. ಊರಿನ ಸುದ್ದಿ ಹೇಳುವುದೂ ನಿಂತುಹೋಗಿತ್ತು. ಸೊಸೆ ಲ್ಯಾಬಿಗೆ ಬೇಗ ಹೋದ ದಿನ ಫೋನು ಮಾಡಿ ಕೇಳುತ್ತಿದ್ದಳು. ಕೇಳಬೇಕಾಗಿಲ್ಲವೆಂದು ವಿನೋದಾ ಎಷ್ಟು ಹೇಳಿದರೂ ಕೇಳದೆ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಜೀವ, ನೂರಾರು ಜನರ ರೊಟ್ಟಿಗೆ ಯಾರನ್ನೂ ಕೇಳದ ಕೈ, ಒಂದು ತಂಬಿಗೆ ನೀರಿಗೆ ಅಪ್ಪಣೆ ಕೇಳುತ್ತಿತ್ತು. ವರ್ಷಗಳು ಹೀಗೇ ಹೋದವು. ನನ್ನ ಮೋಟಾರು ಒಮ್ಮೆ ಬದಲಾಯಿತು, ಬಟ್ಟಲಿನ ಅಂಚು ಸೀಳಿತು, ಮೈ ಮಸುಕಾಯಿತು. ಹೊಸ ತೊಟ್ಟಿಯಲ್ಲಿ ಹವಳಗಳು ಮತ್ತೆ ತುಂಬಿದವೆಂದು ಬಂದವರು ಹೇಳುತ್ತಾರೆ.

ಮೊನ್ನೆ ಎದುರು ಮನೆಯ ಸಾವಿತ್ರಕ್ಕ ಬಂದಿದ್ದಳು. ಹೆಣ್ಣುಮೀನಿನ ಬಣ್ಣ ಯಾಕೋ ಮಂಕಾಗಿದೆ ಎಂದು ಅವಳಿಗೆ ಕನಿಕರ. ನೀರಿಗೆ ಚಿಟಿಕೆ ಅರಿಷಿಣ ಬಿದ್ದರೆ ಯಾವ ರೋಗವೂ ಸುಳಿಯದೆಂದು ಹೇಳಿ, ತನ್ನ ಮನೆಗೆ ಹೋಗಿ ತಂದೇಬಿಟ್ಟಳು. ಸ್ಟೂಲಿನ ಮೇಲಿದ್ದ ಬಸಲಿಂಗವ್ವ ಅವಳ ಕೈ ಹಿಡಿದಳು.

"ಬ್ಯಾಡ ಸಾವಿತ್ರಿ. ಹಿಂಗ ಚಲೋ ಆಗ್ಲಿ ಅಂತ ತಾಮ್ರದ ಕೊಡದ ನೀರ ಹಾಕಿ ಒಂದು ತೊಟ್ಟಿ ಹವಳ ಕೊಂದೀನಿ ನಾನು. ನಮಗ ಚಲೋ ಆಗಿದ್ದು ಇವಕ್ಕ ಆಗಂಗಿಲ್ಲ. ಇವಕ್ಕ ಏನ ಬೇಕಂತ ನನಗ ಗೊತ್ತೈತಿ."

ಆ ಮಾತನ್ನು ಆಕೆ ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ಹೇಳಿದವಳೇ, ಯಾರನ್ನೂ ಕೇಳದೆ, ಕ್ಯಾನು ಎತ್ತಿ ನೀರು ಸುರಿದಳು. ಸುರಿಯುತ್ತ ಅಣ್ಣಿಗೇರಿಯ ಯಾವುದೋ ಮದುವೆಯ ಸುದ್ದಿ ತೆಗೆದಳು. ಕ್ಯಾನಿನ ಸದ್ದು ಕೇಳಿ, ಎಂದಿನಂತೆ ಒಪ್ಪಿಗೆ ಕೊಡಲು ವಿನೋದಾ ಅಡುಗೆಮನೆಯ ಹೊಸ್ತಿಲಿಗೆ ಬಂದಿದ್ದಳು. ಅವಳ ಪಾದಗಳು ಅಲ್ಲೇ ನಿಂತವು. ಆಮೇಲೆ ಸದ್ದಾಗದಂತೆ ಒಳಗೆ ಹೋದವು.