ಫೂಸಿ ಅತ್ತೆಯ ಕಣ್ಣಿನ ಫೋಟೋ

ವವಾವು ದ್ವೀಪದ ನಮ್ಮೂರಿನಲ್ಲಿ ಹೆಂಗಸರೆಲ್ಲ ಒಟ್ಟಿಗೆ ಕೂತು ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತೇವೆ. ಎಲ್ಲರಿಗಿಂತ ಜೋರಾಗಿ ಬಡಿಯುವವಳು ತೆಳ್ಳಗೆ, ಗಟ್ಟಿಮುಟ್ಟಾಗಿದ್ದ ಫೂಸಿ. ಈಚೆಗೆ ಅವಳಿಗೆ ಏದುಸಿರು ಬರುತ್ತಿತ್ತು. ಕೇಳಿದರೆ, "ವಯಸ್ಸಾಗ್ಲಿಲ್ವೇನ್ರೇ?" ಎಂದು ನಗುತ್ತಿದ್ದಳು.

ಒಂದು ದಿನ ಅವಳ ತಮ್ಮನ ಮಗಳು, ನರ್ಸ್ ಲೆಸಿಯೆಲಿ, ಪುಟ್ಟ ಕ್ಯಾಮೆರಾ ಹಿಡಿದು ಬಂದಳು.

"ಅತ್ತೆ, ಕಣ್ಣಿನೊಳಗಿನ ಫೋಟೋ ತೆಗೀತೀನಿ. ಹೃದಯಕ್ಕೆ ಅಪಾಯ ಇದೆಯಾ ಅಂತ ಇದರೊಳಗಿರೋ ಕಂಪ್ಯೂಟರ್ ಹೇಳುತ್ತೆ."

"ಹೃದಯ ಇರೋದು ಎದೇಲಿ ಕಣೇ! ಇದನ್ನ ಕಲಿಯೋಕೆ ನಿನ್ನನ್ನ ರಾಜಧಾನಿಗೆ ಕಳಿಸಿದ್ವಾ?"

ಎಲ್ಲರೂ ನಕ್ಕರು. ನಮ್ಮಲ್ಲಿ ಸೋದರತ್ತೆಗೆ ಎದುರಾಡುವಂತಿಲ್ಲ. ಲೆಸಿಯೆಲಿ ಮೆಲ್ಲಗೆ ಹೇಳಿದಳು: "ಕಣ್ಣಿನ ಹಿಂದೆ ಸಣ್ಣ ಸಣ್ಣ ರಕ್ತನಾಳ ಇವೆ ಅತ್ತೆ. ಸಾವಿರಾರು ಜನರ ಫೋಟೋ ನೋಡಿ ಕಲ್ತಿರೋ ಕಂಪ್ಯೂಟರ್ ಇದು. ನಮಗೆ ಕಾಣದ ವ್ಯತ್ಯಾಸ ಇದಕ್ಕೆ ಕಾಣುತ್ತೆ."

"ಹಾಗಾದ್ರೆ ಮೊದ್ಲು ಪಿಸಿಲಾನ್ನ ನೋಡು. ದಿನಾ ಡಬ್ಬಿಲಿ ಬರೋ ಕೊಬ್ಬಿನ ಮಾಂಸ ತಿನ್ನೋಳು ಅವಳು!"

ಪಕ್ಕದಲ್ಲೇ ತೊಗಟೆ ಬಡಿಯುತ್ತಿದ್ದ ದಪ್ಪನೆಯ ಪಿಸಿಲಾ ಗೊಣಗುತ್ತ ಕ್ಯಾಮೆರಾ ಮುಂದೆ ಕೂತಳು. ಅವಳಿಗೆ ಅಪಾಯ ಕಡಿಮೆ ಎಂದು ಬಂತು. ಇನ್ನು ಫೂಸಿ ಒಲ್ಲೆ ಎನ್ನುವಂತಿರಲಿಲ್ಲ. ಅವಳಿಗೆ ಅಪಾಯ ಹೆಚ್ಚು ಎಂದು ಬಂತು. ಬಡಿಯುವ ಸದ್ದು ನಿಂತುಹೋಯಿತು.

"ನಿನ್ನ ಯಂತ್ರ ನಮ್ಮಿಬ್ರನ್ನೂ ಅದಲುಬದಲು ಮಾಡಿದೆ."

"ಅದು ಕಾಯಿಲೆ ಇದೆ ಅನ್ನಲ್ಲ ಅತ್ತೆ. ಯಾರು ಬೇಗ ಡಾಕ್ಟರ ಹತ್ರ ಹೋಗ್ಬೇಕು ಅಂತ ಹೇಳುತ್ತೆ ಅಷ್ಟೆ. ಕೈ ಕೊಡಿ, ಬಿಪಿ ನೋಡ್ತೀನಿ."

ಬಿಪಿ ವಿಪರೀತ ಏರಿತ್ತು. ಲೆಸಿಯೆಲಿಯ ಕಣ್ಣು ತುಂಬಿಬಂತು. ಅದನ್ನು ಕಂಡು ಫೂಸಿ ಮೆತ್ತಗಾದಳು. "ಅಳ್ಬೇಡ್ವೇ. ಬರ್ತೀನಿ, ನಡಿ."

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿತ್ತು. "ಒಳ್ಳೇ ಹೊತ್ತಿಗೆ ಬಂದ್ರಿ," ಎಂದರು ಡಾಕ್ಟರು. ಮಾತ್ರೆ ಶುರುವಾಯಿತು, ಉಪ್ಪು ಕಡಿಮೆಯಾಯಿತು. ಬರಬರುತ್ತ ಏದುಸಿರೂ ತಗ್ಗಿತು.

ಆಮೇಲೆ ಅವಳು ಮಾಡಿದ ಕೆಲಸ ನೋಡಿ! ಲೆಸಿಯೆಲಿಯ ಅಪ್ಪ ಗೆಳೆಯರೊಂದಿಗೆ ಕೂತು ಕಾವಾ ಬೇರಿನ ಪಾನೀಯ ಕುಡಿಯುತ್ತಿದ್ದ ಮನೆಯ ಹೊರಗೇ ನಿಂತು ತಮ್ಮನನ್ನು ಕೂಗಿದಳು: "ಕಣ್ಣಿನ ಫೋಟೋ ತೆಗೆಸ್ಕೋ ಅಂತ ಮಗಳು ಎಷ್ಟು ಸಲ ಕರೆದ್ಲು ನಿನ್ನ? ಏಳೋ ಮೇಲೆ!"

"ನಾನು ಗಟ್ಟಿಯಾಗೇ ಇದ್ದೀನಲ್ಲಕ್ಕಾ."

"ನಾನೂ ಹಂಗೇ ಅಂದ್ಕೊಂಡಿದ್ದೆ. ಆ ಯಂತ್ರ ಹೇಳ್ದೇ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಮಣ್ಣು ಮಾಡಿರ್ತಿದ್ರಿ."

ಅವನು ಕಾವಾ ತುಂಬಿದ್ದ ತೆಂಗಿನ ಚಿಪ್ಪು ಕೆಳಗಿಟ್ಟು ಎದ್ದ. ಅವನ ಹಿಂದೆ ಉಳಿದವರೂ ಎದ್ದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೃದಯದ ಕಾಯಿಲೆ ಮೈಕಟ್ಟು ನೋಡಿ ಬರುವುದಿಲ್ಲ. ನಿಮ್ಮೂರಿಗೆ ಇಂಥ ತಪಾಸಣೆ ಬಂದರೆ ಹೋಗಿ ಕೂತುಕೊಳ್ಳಿ. ಬಾರದಿದ್ದರೂ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ಏದುಸಿರು, ಎದೆನೋವು ಬಂದರೆ ಯಾವ ಯಂತ್ರಕ್ಕೂ ಕಾಯದೆ ಆಸ್ಪತ್ರೆಗೆ ನಡೆಯಿರಿ. ಹೋಗುವಾಗ, ಒಲ್ಲೆ ಎನ್ನುವ ಒಬ್ಬರ ಕೈಯನ್ನೂ ಹಿಡಿದುಕೊಂಡು ಹೋಗಿ.