ಅಂಚು ಮುಚ್ಚಬೇಡಿ

ನಮ್ಮಪ್ಪ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು ಅದನ್ನೇ ಎತ್ತಿ ಆಡುವುದು ಬೇಡ. ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಗಾಜು, ಅದರ ಹಿಂದೆ ಫೋಟೋ, ಫೋಟೋದ ಬೆನ್ನಿಗೆ ದಪ್ಪ ರಟ್ಟು, ರಟ್ಟು ಜಾರದಂತೆ ಸುತ್ತ ಸಣ್ಣ ಮೊಳೆ. ಇಷ್ಟೇ ಕಸುಬು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಟಿವಿ ವಾರಪತ್ರಿಕೆ ಬಾಗಿಲು ಹಾಕಿತು. ಅದರ ಕಚೇರಿಯಿಂದ ಅಪ್ಪ ಎರಡು ಹೊರೆ ರಟ್ಟು ತಂದ. ರಟ್ಟಿನ ಒಂದು ಮೈಯಲ್ಲಿ ಬಣ್ಣದ ಚಿತ್ರಗಳಿದ್ದವು. ಮನೆಮನೆಯ ಟಿವಿಯ ತಲೆಯ ಮೇಲೆ ವಾರವಾರವೂ ಬಿದ್ದಿರುತ್ತಿದ್ದ ಆ ಪತ್ರಿಕೆಯ ಮುಖಪುಟಗಳು ಅವು. ಅಚ್ಚಾದವಲ್ಲ, ಅಚ್ಚಿಗೆ ಹೋಗುವ ಮುಂಚೆ ಕುಂಚ ಹಿಡಿದು ಬರೆದ ಮೂಲ ಚಿತ್ರಗಳು. ಅಪ್ಪ ಬಣ್ಣದ ಮೈಯನ್ನು ಒಳಗೆ ತಿರುಗಿಸಿ, ಬಿಳಿ ಮೈಯನ್ನು ಹೊರಗೆ ಬಿಟ್ಟು, ಊರಿನವರ ಮದುವೆ ಫೋಟೋಗಳ ಹಿಂದೆ ಒಂದೊಂದಾಗಿ ಮೊಳೆ ಹೊಡೆದುಬಿಟ್ಟ.

"ಚಿತ್ರ ಕಣ್ಣಿಗೆ ಕಾಣ್ಲಿಲ್ವೇನಪ್ಪಾ ನಿಂಗೆ?" ಎಂದು ಎಷ್ಟೋ ವರ್ಷದ ಮೇಲೆ ಕೇಳಿದ್ದೆ.

"ಕಾಣ್ತು. ರಟ್ಟು ಬಹಳ ಚೆನ್ನಾಗಿತ್ತು" ಎಂದ.

ಇದು ನನಗೆ ಗೊತ್ತಾಗಿದ್ದು ಒಂಬತ್ತು ವರ್ಷದ ಹಿಂದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರ ಬೀಳ್ಕೊಡುಗೆ ಫೋಟೋದ ಗಾಜು ಒಡೆದು ನಮ್ಮಲ್ಲಿಗೆ ಬಂತು. ಅಷ್ಟು ಹೊತ್ತಿಗೆ ಅಂಗಡಿ ನನ್ನ ಕೈಗೆ ಬಂದಿತ್ತು. ಹಿಂದಿನ ಮೊಳೆ ಕಿತ್ತು ರಟ್ಟು ತಿರುಗಿಸಿದರೆ, ಕಪ್ಪು ಕೋಟಿನ ವಾರ್ತೆ ಓದುವವರು ನನ್ನನ್ನೇ ನೋಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಪ್ರತಿ ಸಂಜೆ ನಮ್ಮ ಮನೆಗೆ ಬರುತ್ತಿದ್ದ ಮುಖ. ಅಷ್ಟು ವರ್ಷ ಕತ್ತಲಲ್ಲಿ ಇದ್ದದ್ದಕ್ಕೋ ಏನೋ, ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು. ಹುಬ್ಬಿನ ಒಂದೊಂದು ಕೂದಲಿಗೂ ಒಂದೊಂದು ಗೆರೆ. ನನಗೆ ಯಾಕೋ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

ಅವತ್ತಿನಿಂದ ಹಿಡಿದ ಹುಚ್ಚು ಇದು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ" ಎಂದು ನಮ್ಮ ಚಿಕ್ಕಮ್ಮ ಸಿಕ್ಕಾಗಲೆಲ್ಲ ಚುಚ್ಚುತ್ತಾಳೆ. ನನಗೀಗ ನಲವತ್ತಾರು. ಎರಡೂ ಆಗಿಲ್ಲ, ಎರಡರ ಚಿಂತೆಯೂ ನನಗಿಲ್ಲ.

ಹುಡುಕುವುದು ಕಷ್ಟವಾಗಲಿಲ್ಲ, ಅದೂ ಅಪ್ಪನಿಂದಲೇ. ಊಟ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಮರೆಯುವ ಮನುಷ್ಯನಿಗೆ ತಾನು ಹಾಕಿದ ಒಂದು ಕಟ್ಟೂ ಮರೆತಿಲ್ಲ. "ಅಂಚೆ ಕಚೇರಿ ಹಿಂದಿನ ಮನೆ. ತೇಗದ ಚೌಕಟ್ಟು. ಗಂಡ ಕೂತಿದಾನೆ, ಹೆಂಡ್ತಿ ನಿಂತಿದಾಳೆ" ಎನ್ನುತ್ತಾನೆ. ನಾನು ಚೀಲದಲ್ಲಿ ಇಕ್ಕಳ, ಸುತ್ತಿಗೆ, ಹೊಸ ರಟ್ಟು ಹಾಕಿಕೊಂಡು ಹೋಗುತ್ತೇನೆ. ವಿಷಯ ಮುಚ್ಚಿಡುವುದಿಲ್ಲ. ನಿಮ್ಮ ಫೋಟೋದ ಹಿಂದೆ ಒಂದು ಚಿತ್ರವಿದೆ, ಅದನ್ನು ನನಗೆ ಕೊಡಿ, ಬದಲಿಗೆ ಹೊಸ ಗಾಜು, ಹೊಸ ರಟ್ಟು, ಪುಕ್ಕಟೆ. ಸಾಮಾನ್ಯವಾಗಿ ಒಪ್ಪುತ್ತಾರೆ, ಒಂದು ಚೀಟಿಗೆ ಸಹಿಯನ್ನೂ ಹಾಕಿಕೊಡುತ್ತಾರೆ. ಒಂದು ಮನೆಯಲ್ಲಿ ಮದುವೆ ಫೋಟೋದ ಹಿಂದಿನಿಂದ ಹವಾಮಾನ ಹೇಳುತ್ತಿದ್ದಾಕೆ ನಗುನಗುತ್ತಾ ಹೊರಗೆ ಬಂದಳು. ಮನೆಯ ಯಜಮಾನ ಬಾಯಿ ಬಿಟ್ಟುಕೊಂಡು ನೋಡಿದ. "ಇಷ್ಟು ವರ್ಷ ನಮ್ಮಿಬ್ಬರ ಬೆನ್ನ ಹಿಂದೆ ಇವಳಿದ್ಳಾ? ಅದಕ್ಕೇ ಈ ಮನೇಲಿ ಯಾವಾಗ್ಲೂ ಗುಡುಗು" ಎಂದಳು ಅವನ ಹೆಂಡತಿ.

ಹೀಗೆ ಮೂವತ್ತೇಳು ಸಿಕ್ಕವು. ಅದರಲ್ಲಿ ಆರು ಅರ್ಧಂಬರ್ಧ, ಯಾಕೆಂದರೆ ಸಣ್ಣ ಕಟ್ಟುಗಳಿಗೆ ಅಪ್ಪ ರಟ್ಟು ಕತ್ತರಿಸಿದ್ದ. ಧಾರಾವಾಹಿಯ ಪತ್ತೇದಾರನ ಎರಡು ಕಣ್ಣು ನನ್ನ ಹತ್ತಿರ ಇವೆ, ಮೂಗು ಯಾರ ಮನೆಯ ಗೋಡೆಯಲ್ಲಿದೆಯೋ ದೇವರೇ ಬಲ್ಲ. ಉಳಿದ ಮೂವತ್ತೊಂದು ಚಿತ್ರಗಳು ಮಾತ್ರ ಅಂಚು ಸಮೇತ ಪೂರ್ತಿ ಇವೆ.

ಆ ಅಂಚಿನದೇ ಕಥೆ. ಮುಖಪುಟ ಬರೆಯುವಾಗ ಚಿತ್ರದ ಸುತ್ತ ಎರಡು ಬೆರಳಗಲ ಜಾಗ ಬಿಡುತ್ತಿದ್ದರು. ಅಚ್ಚಾಗುವಾಗ ಅದು ಕತ್ತರಿಸಿ ಹೋಗುತ್ತದೆ, ಓದುಗರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕಚೇರಿಯವರು ಅಲ್ಲಿ ಏನು ಬೇಕಾದರೂ ಬರೆದುಕೊಳ್ಳುತ್ತಿದ್ದರು. ನನ್ನ ಎಲ್ಲ ಚಿತ್ರಗಳ ಅಂಚಿನಲ್ಲೂ ಒಂದು ನೀಲಿ ಪೆನ್ಸಿಲಿನ ಬರಹ, ಕೊನೆಗೆ ಕೊಕ್ಕೆಯಂಥ ಸಹಿ. ಅದರ ಕೆಳಗೆ ಕಪ್ಪು ಪೆನ್ಸಿಲಿನಲ್ಲಿ ಸಣ್ಣ ದುಂಡು ಅಕ್ಷರದ ಉತ್ತರ.

ನೀಲಿ: "ಅಕ್ಷರದಮ್ಮ, ವಾರ್ತೆಯವರ ಮೀಸೆ ಇನ್ನೂ ದಪ್ಪ ಬರಲಿ." ಕಪ್ಪು: "ಅವರಿಗೆ ಇರುವುದೇ ಅಷ್ಟು. ಬೇಕಿದ್ದರೆ ಬೆಳೆಸಲು ಹೇಳಿ."

ನೀಲಿ: "ಬೇಗ ಕೊಡಿ, ಪ್ರೆಸ್ಸು ಕಾಯುತ್ತಿದೆ." ಕಪ್ಪು: "ಪ್ರೆಸ್ಸಿನ ಅವಸರ ಬಣ್ಣಕ್ಕೆ ಗೊತ್ತಿಲ್ಲ. ಒಣಗಿದ ಮೇಲೆ ಕೊಡುತ್ತೇನೆ."

ಅದನ್ನು ಓದಿದ ದಿನವೇ ಈ ಅಕ್ಷರದಮ್ಮ ಯಾರೇ ಆಗಲಿ, ನಾನು ಅವರ ಕಡೆ ಎಂದು ತೀರ್ಮಾನಿಸಿಬಿಟ್ಟೆ. ಪತ್ರಿಕೆಯ ಒಳಪುಟದಲ್ಲಿ ಮಾತ್ರ ವಾರವಾರವೂ "ಮುಖಪುಟ ಚಿತ್ರ" ಎಂದು ಕಲಾ ವಿಭಾಗದ ಮುಖ್ಯಸ್ಥರ ಹೆಸರೇ ಇರುತ್ತಿತ್ತು. ಕಚೇರಿಯಲ್ಲಿ ಅವರಿಗಿದ್ದ ಅಡ್ಡಹೆಸರು ನೀಲಿ ಪೆನ್ಸಿಲ್ ಅಂತೆ. ಇದನ್ನು ಹೇಳಿದ್ದು ಆ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಮುದುಕ. ಅಕ್ಷರದಮ್ಮ ಬಸ್ ಡಿಪೋ ಹಿಂದೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿದ್ದಾರೆ ಎಂದು ವಿಳಾಸ ಕೊಟ್ಟವನೂ ಅವನೇ.

ವಾರ್ತೆಯವರ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಆಗಲೇ ಎಪ್ಪತ್ತು ದಾಟಿದ್ದ ಗಟ್ಟಿ ಹೆಂಗಸು. ಚಿತ್ರವನ್ನು ಮೇಜಿನ ಮೇಲೆ ಇಟ್ಟಾಗ ಮುಖ ನೋಡಲಿಲ್ಲ, ಅಂಚಿನ ಮೊಳೆ ತೂತುಗಳ ಮೇಲೆ ಬೆರಳಾಡಿಸಿದರು.

"ಯಾರು ಹೊಡೆದಿದ್ದು ಈ ಮೊಳೆ?"

"ನಮ್ಮಪ್ಪ."

"ಬದುಕಿದಾನಾ?"

"ಇದಾನೆ."

"ಕರ್ಕೊಂಡು ಬಾ. ಬೈಬೇಕು."

ಮುಂದಿನ ವಾರ ಕರೆದುಕೊಂಡು ಹೋದೆ. ಒಂದು ಗಂಟೆ ಉಸಿರು ಬಿಡದೆ ಬೈದರು. ಅಪ್ಪ ಕೈ ಕಟ್ಟಿ ತಲೆ ತಗ್ಗಿಸಿ ಕೂತು ಎರಡು ಲೋಟ ಚಹಾ ಕುಡಿದ. "ಬೈದ್ರೂ ಅಚ್ಚುಕಟ್ಟಾಗಿ ಬೈದ್ರು" ಎಂದ, ಮೆಟ್ಟಿಲಿಳಿಯುತ್ತಾ.

ಕಚೇರಿಯ ಹಾಜರಿ ಪುಸ್ತಕದಲ್ಲಿ ಅವರು ಕೊನೆಯವರೆಗೂ "ಅಕ್ಷರ ಬರೆಯುವವರು". ಶೀರ್ಷಿಕೆಯ ಅಕ್ಷರಗಳಿಗೆಂದು ಕೆಲಸಕ್ಕೆ ಸೇರಿದ್ದು, ಬರೆದದ್ದು ಹನ್ನೊಂದು ವರ್ಷದ ಮುಖಪುಟಗಳು.

"ನಿಮ್ಮ ಹೆಸರು ಹಾಕಿ ಅಂತ ಕೇಳ್ಲಿಲ್ವಾ?" ಎಂದೆ.

"ಮೂರು ಸಲ ಕೇಳ್ದೆ. ಮುಖಪುಟ ಅಂದ್ರೆ ನಾನು, ನೀವು ನನ್ನ ಕೈ ಅಷ್ಟೇ ಅಂದ್ರು. ಅವತ್ತಿಂದ ಅಂಚಲ್ಲಿ ಉತ್ತರ ಬರೆಯೋಕೆ ಶುರು ಮಾಡ್ದೆ. ಅಚ್ಚಾಗಲ್ಲ, ನಿಜ. ಆದ್ರೆ ಬರೆದಿದ್ದು ಬರೆದಂಗೇ ಇರುತ್ತಲ್ಲ." ಚಿತ್ರವನ್ನು ನನ್ನ ಕಡೆಗೆ ತಳ್ಳಿದರು. "ನೀನೇ ಇಟ್ಕೋ. ನಾಯಿ ಥರ ಹುಡುಕಿದೀಯ. ಒಂದೇ ಮಾತು. ಯಾರಿಗೆ ತೋರಿಸಿದ್ರೂ ಅಂಚು ಮುಚ್ಚಬೇಡ."

ಕಳೆದ ವರ್ಷ ಊರಿನ ಚಿತ್ರಶಾಲೆಯ ಮೇಡಂ ನನ್ನ ಅಂಗಡಿಗೆ ಬಂದರು. ನೀಲಿ ಪೆನ್ಸಿಲರಿಗೆ ಎಂಬತ್ತೈದು ತುಂಬುತ್ತದೆ, ಅವರ ಮುಖಪುಟಗಳ ಪ್ರದರ್ಶನ ಮಾಡುತ್ತೇವೆ, ಮೂಲ ಚಿತ್ರಗಳು ನಿಮ್ಮಲ್ಲಿವೆಯಂತೆ ಎಂದರು. ಮೂವತ್ತೊಂದನ್ನೂ ಒಂದೊಂದಾಗಿ ನೋಡಿದರು. ಮುಖ ಅರಳಿತು, ಅಂಚಿಗೆ ಬಂದಾಗ ಮುದುಡಿತು.

"ಇಲ್ಲೆಲ್ಲಾ ಗೀಚಿದಾರಲ್ಲ. ಮೌಂಟ್ ಹಾಕಿ ಮುಚ್ಚಿಬಿಡಿ, ನೀಟಾಗಿರುತ್ತೆ." ಮೌಂಟ್ ಎಂದರೆ ಗಾಜಿನ ಒಳಗೆ ಚಿತ್ರದ ಸುತ್ತ ಕೂರಿಸುವ ಅಗಲವಾದ ಕಾಗದದ ಪಟ್ಟಿ.

"ಗೀಚಿದ್ದಲ್ಲ ಮೇಡಂ, ಸಾಕ್ಷಿ. ಬರೆದವರು ಅಕ್ಷರದಮ್ಮ. ಚೀಟಿ ಮೇಲೆ ಅವರ ಹೆಸರು ಹಾಕಿ, ಮೂವತ್ತೊಂದನ್ನೂ ನಾನೇ ಹೊತ್ಕೊಂಡು ಬರ್ತೀನಿ."

"ಅದಕ್ಕೆ ದಾಖಲೆ ಬೇಕಾಗುತ್ತಮ್ಮ. ಸರ್ ಹೇಳಿದ ಹಾಗೆ ಯಾರೋ ಬಣ್ಣ ತುಂಬಿರಬಹುದು."

ಬಾಗಿಲು ತೋರಿಸಬೇಕೆಂದಿದ್ದೆ. ಆದರೆ ಅಕ್ಷರದಮ್ಮನಿಗೆ ವಯಸ್ಸಾಗುತ್ತಿತ್ತು, ನನ್ನ ಅಂಗಡಿಯ ಅಟ್ಟದಲ್ಲಿ ಆ ಚಿತ್ರಗಳನ್ನು ನೋಡುವವರು ಜಿರಳೆಗಳು ಮಾತ್ರ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹೆಸರಿನ ವಿಚಾರ ಸದ್ಯಕ್ಕೆ ಬೇಡ, ಅಂಚು ಮಾತ್ರ ಪೂರ್ತಿ ಕಾಣುವಂತೆ ಇಡಬೇಕು, ಜನ ಓದಿಕೊಂಡು ತೀರ್ಮಾನಿಸಲಿ. ಅದನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆ. ಅಕ್ಷರದಮ್ಮ ಕೇಳಿ, "ಸಾಕು. ಓದು ಬರೋರು ಓದ್ಕೊಳ್ತಾರೆ" ಎಂದರು. ಮೂವತ್ತೊಂದಕ್ಕೂ ನಾನೇ ಕಟ್ಟು ಹಾಕಿ ಕಳಿಸಿದೆ.

ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ. ಅಪ್ಪ, ಅಕ್ಷರದಮ್ಮ, ನಾನು ಹತ್ತೂವರೆಗೇ ಹೋದೆವು. ಬಾಗಿಲಲ್ಲಿ ನೀಲಿ ಪೆನ್ಸಿಲರ ಆಳೆತ್ತರದ ಫೋಟೋ, "ಮುಖಪುಟಗಳ ಮಾಂತ್ರಿಕ" ಎಂದು ಬರಹ. ಒಳಗೆ ನನ್ನ ಮೂವತ್ತೊಂದು ಚಿತ್ರಗಳು ಗೋಡೆಯ ಮೇಲೆ ಸಾಲಾಗಿ, ಒಂದೊಂದರ ಸುತ್ತಲೂ ಬಿಳಿ ಮೌಂಟ್. ಯಾರೋ ನನ್ನ ಕಟ್ಟು ಬಿಚ್ಚಿ, ಪಟ್ಟಿ ಕೂರಿಸಿ, ಮತ್ತೆ ಮೊಳೆ ಹೊಡೆದಿದ್ದರು. ಅಂಚಿನ ಒಂದಕ್ಷರವೂ ಕಾಣುತ್ತಿರಲಿಲ್ಲ.

 ಅಕ್ಷರದಮ್ಮ ವಾರ್ತೆಯವರ ಮುಂದೆ ನಿಂತು, ಬಿಳಿ ಪಟ್ಟಿಯನ್ನು ನೋಡುತ್ತಾ ಹೆಗಲ ಮೇಲಿನ ಕೈಚೀಲವನ್ನು ಸರಿಮಾಡಿಕೊಂಡರು, ಅಷ್ಟೇ. ನನಗೆ ಅಂಗಾಲಿನ ಬೆಂಕಿ ನೆತ್ತಿಗೇರಿತು. ಮೇಡಂ ಓಡಿ ಬಂದರು. "ಸರ್ ಮನೆಯವರು ಒತ್ತಾಯ ಮಾಡಿದ್ರು. ಇವತ್ತೊಂದಿನ ಇರಲಿ, ನಾಳೆ ತೆಗೆಸ್ತೀನಿ."

"ನಾಳೆ ಯಾರು ಬರ್ತಾರೆ ನೋಡೋಕೆ?" ಎಂದೆ. ವಾರ್ತೆಯವರನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಬೋರಲು ಹಾಕಿದೆ. ಚೀಲದಲ್ಲಿ ಇಕ್ಕಳ ಇದ್ದೇ ಇರುತ್ತದೆ. ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತು ಮೊಳೆ ಕೀಳಲು ಶುರು ಮಾಡಿದೆ.

"ಇದೇನಮ್ಮ ಇದು! ಪೊಲೀಸರನ್ನ ಕರೀಬೇಕಾಗುತ್ತೆ!"

"ಕರೀರಿ. ಚಿತ್ರ ನನ್ನವು. ಮೂವತ್ತೊಂದು ಮನೆಯವರು ಬರ್ಕೊಟ್ಟಿದಾರೆ. ನೀವು ಬರ್ಕೊಟ್ಟಿದ್ದೂ ಚೀಲದಲ್ಲಿದೆ, ಅವರಿಗೇ ಓದಿ ಹೇಳ್ತೀನಿ."

ಅಪ್ಪ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತ. "ಯಾರು ಹೊಡೆದಿದ್ದು ಇದು? ಮೊಳೆ ಎಲ್ಲಾ ಸೊಟ್ಟ" ಎಂದು ಗೊಣಗುತ್ತಾ ಅವನೂ ಕೀಳತೊಡಗಿದ. ನಾನು ಪಟ್ಟಿ ಎಳೆದು ಹಾಕುವುದು, ಅವನು ರಟ್ಟು ಕೂರಿಸುವುದು. ಜನ ಬರತೊಡಗಿದ್ದರು. ಮೊದಲು ದೂರ ನಿಂತು ಪಿಸುಗುಟ್ಟಿದರು, ಆಮೇಲೆ ಹತ್ತಿರ ಬಂದರು. ಮೀಸೆಯ ಉತ್ತರ ಓದಿ ಯಾರೋ ಕಿಸಕ್ಕೆಂದು ನಕ್ಕರು. ಕಟ್ಟು ಮುಗಿದದ್ದನ್ನು ಗೋಡೆಗೆ ಏರಿಸಲು ಇಬ್ಬರು ಅಪರಿಚಿತರು ತಾವಾಗಿ ಕೈಜೋಡಿಸಿದರು.

ಹನ್ನೆರಡನೆಯದು ಬಿಚ್ಚುವ ಹೊತ್ತಿಗೆ ನೀಲಿ ಪೆನ್ಸಿಲ್ ಬಂದರು. ಬೆಳ್ಳಗಿನ ತಲೆ, ಕೈಯಲ್ಲಿ ಕೋಲು, ಹಿಂದೆ ಮನೆಯವರ ದಂಡು. ನೇರವಾಗಿ ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದರು. ಅವರ ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಾಟಕದ ನಟಿಯ ಚಿತ್ರದ ಅಂಚನ್ನು ಗಟ್ಟಿಯಾಗಿ ಓದುತ್ತಿದ್ದಳು. "'ಎರಡು ದಿನ ತಡ. ಕಾರಣ?' ಅಂತ ನೀಲೀಲಿದೆ. ಕೆಳಗೆ... 'ಮಗು ಹುಟ್ಟಿ ಒಂಬತ್ತು ದಿನ. ಮಗ್ಗುಲಲ್ಲಿ ಮಲಗಿಸಿಕೊಂಡು ಬರೆದಿದ್ದೇನೆ. ಇದಕ್ಕಿಂತ ಬೇಗ ಬೇಕಿದ್ದರೆ ನೀವೇ ಬರೆಯಬಹುದಿತ್ತು.'"

 ಅಪ್ಪನ ಇಕ್ಕಳ ಅರ್ಧ ಕಿತ್ತ ಮೊಳೆಯ ಮೇಲೇ ನಿಂತಿತು.

"ಈ ನೀಲಿ ಅಕ್ಷರ ನಂದೇ" ಎಂದರು ನೀಲಿ ಪೆನ್ಸಿಲ್. ಆಮೇಲೆ ತಿರುಗಿ ಅಕ್ಷರದಮ್ಮನನ್ನು ಕಂಡರು. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾನು ತಿದ್ದದೇ ಇದ್ದಿದ್ರೆ ಇವು ಹೀಗೆ ಬರ್ತಿರ್ಲಿಲ್ಲಮ್ಮ."

"ತಿದ್ದಿ ಅಂತ ನೀವು ಹೇಳಿದ್ದೂ ಅಲ್ಲಿದೆ. ನಾನು ಎಷ್ಟು ತಿದ್ದಿದೀನಿ ಅನ್ನೋದೂ ಅಲ್ಲೇ ಇದೆ. ಓದಿ."

ಅವರು ಓದಿದರು. ಒಂದಾದ ಮೇಲೊಂದು ಹನ್ನೊಂದನ್ನೂ ಓದಿದರು. ಅವರ ಮಗ ತೋಳು ಹಿಡಿದು ಎಳೆದ, ಕೊಡವಿಕೊಂಡರು. ವಾಪಸ್ ಬಂದಾಗ ದನಿ ಇಳಿದಿತ್ತು. "ಆಯ್ತು. ನಡೆದಿದ್ದು ನಡೀತು. ಪೆನ್ನು ತರ್ಸೋಣ, ಇಬ್ರೂ ಸಹಿ ಮಾಡೋಣ. ಇಬ್ಬರ ಹೆಸರೂ ಇರಲಿ."

ಚಪ್ಪಾಳೆ ತಟ್ಟಲು ಕೆಲವರು ಕೈ ಎತ್ತಿಯೇಬಿಟ್ಟಿದ್ದರು. ಮೇಡಂ ಓಡಿಹೋಗಿ ಪೆನ್ನು ತಂದರು.  ಒಪ್ಪಿಬಿಡುತ್ತಾರೇನೋ ಎಂದು ಭಯವಾಯಿತು, ಒಪ್ಪಿದರೆ ಬೇಡ ಎನ್ನಲು ನಾನ್ಯಾರು.

"ನಿಮ್ಮ ಸಹಿ ಆಗ್ಲೇ ಇದೆಯಲ್ಲ, ಅಂಚಲ್ಲಿ" ಎಂದರು ಅಕ್ಷರದಮ್ಮ. "ಅಲ್ಲೇ ಇರಲಿ."

ಪೆನ್ನು ಮೇಡಂ ಕೈಯಲ್ಲೇ ಉಳಿಯಿತು. ಅಕ್ಷರದಮ್ಮ ಆಕೆಯ ಕಡೆಗೆ ತಿರುಗಿ, ಪ್ರತಿ ಚಿತ್ರದ ಕೆಳಗೂ ಅಂಟಿಸಿದ್ದ ಹೆಸರಿನ ಚೀಟಿಯನ್ನು ತೋರಿಸಿದರು. "ಇದನ್ನ ಕಿತ್ತು ಹೊಸದು ಬರೀರಿ." ತಮ್ಮ ಹೆಸರನ್ನು ತಂದೆಯ ಹೆಸರು ಸಮೇತ ಬಿಡಿಸಿ ಬಿಡಿಸಿ ಹೇಳಿದರು. ಇಷ್ಟು ವರ್ಷದ ಒಡನಾಟದಲ್ಲಿ ನಾನೂ ಅದನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಮೇಡಂ ಒಂದು ಚೀಟಿ ಬರೆದು, ಹಾಲಿನ ತುಂಬ ನಿಂತಿದ್ದ ಜನರನ್ನು ನೋಡಿ, ಹಣೆ ಒರೆಸಿಕೊಂಡರು. "ಬಾಗಿಲ ಹತ್ತಿರ ಒಂದು ದೊಡ್ಡ ಬೋರ್ಡ್ ಹಾಕಿಬಿಡ್ತೀನಮ್ಮ. ಎಲ್ಲಕ್ಕೂ ಸೇರಿ ಒಂದೇ."

"ಬೇಡ. ಮೂವತ್ತೊಂದು ಚೀಟಿ ಬರೀರಿ" ಎಂದು ಅಕ್ಷರದಮ್ಮ ಕುರ್ಚಿ ಎಳೆದುಕೊಂಡು ಕೂತರು. "ನಾನೂ ಒಂದೊಂದನ್ನೂ ಬೇರೆಬೇರೆಯಾಗೇ ಬರೆದಿದ್ದು. ನಂಗೇನೂ ಅವಸರ ಇಲ್ಲ."