ಲೋಕದ್ದೊಂದು, ಊರಿನದ್ದೊಂದು

ಯಾರಾದರೂ ಎದುರು ಸಿಕ್ಕಿ ‘ನನ್ನ ಭಾವ ಹೊಸ ಕಾರು ತೆಗೊಂಡರು’ ಎಂದರೆ ಬೇರೆಯವರು ಕಾರಿನ ಬಣ್ಣ ಕೇಳುತ್ತಾರೆ, ಕ್ರಯ ಕೇಳುತ್ತಾರೆ. ಅಜ್ಜಾವರದ ಕುಮುದಿನಿ ಮಾತ್ರ ‘ಯಾವ ತಾರೀಕು?’ ಎಂದು ಕೇಳುತ್ತಾರೆ. ಮದುವೆಯ ಸುದ್ದಿಗೂ ಅದೇ ಪ್ರಶ್ನೆ, ಮರಣದ ಸುದ್ದಿಗೂ ಅದೇ ಪ್ರಶ್ನೆ. ಎರಡನೆಯದಕ್ಕೆ ಧ್ವನಿ ಸ್ವಲ್ಪ ತಗ್ಗಿರುತ್ತದೆ, ಅಷ್ಟೆ. ಸುಳ್ಯದ ಖಾಸಗಿ ಬಸ್ಸುಗಳ ನಿಲ್ದಾಣದಲ್ಲಿ ಹದಿನಾಲ್ಕು ವರ್ಷಗಳಿಂದ ಮೈಕಿನ ಮುಂದೆ ಕುಳಿತು ಬಸ್ಸು ಹೊರಡುವ ಹೊತ್ತನ್ನು ಸಾರುತ್ತಿರುವ ಇವರನ್ನು ಊರು ‘ತಾರೀಕಕ್ಕ’ ಎಂದು ಕರೆಯುತ್ತದೆ. ಹಾಗೆ ಕರೆದರೆ ಅವರಿಗೆ ಬೇಸರವಿಲ್ಲ. ತಾರೀಕು ತಪ್ಪಿದರೆ ಬೇಸರವಿದೆ.

ಅವರ ಎಡಗೈಯಲ್ಲಿ ಗಂಡಸರು ಕಟ್ಟುವಂಥ ದಪ್ಪ ಗಡಿಯಾರವೊಂದಿದೆ. ಅದರ ಮುಖದಲ್ಲಿ ತಾರೀಕು ತೋರಿಸುವ ಚಿಕ್ಕ ಕಿಟಕಿ. ಆ ಗಡಿಯಾರಕ್ಕೆ ಎಲ್ಲ ತಿಂಗಳೂ ಮೂವತ್ತೊಂದೇ ದಿನ. ಆದ್ದರಿಂದ ಮೂವತ್ತರ ತಿಂಗಳು ಕಳೆದ ಮಾರನೆಯ ಬೆಳಿಗ್ಗೆ ಅವರು ಮನೆಯ ಗೇಟು ದಾಟುವ ಮೊದಲು ನಿಂತು, ಉಗುರಿನಿಂದ ಕೀಲಿಯನ್ನು ಎಳೆದು, ಒಂದು ದಿನ ಮುಂದಕ್ಕೆ ತಿರುಗಿಸಿ, ಆಮೇಲೆ ಹೊರಡುತ್ತಾರೆ. ಚಿಕ್ಕ ಚಿಕ್ಕ ಹೆಜ್ಜೆಯ ಅವಸರದ ನಡಿಗೆ. ನಡುವೆ ಏನೋ ನೆನಪಾದಂತೆ ಥಟ್ಟನೆ ನಿಲ್ಲುವ ಅಭ್ಯಾಸ. ಹಿಂದೆ ಬರುವವರು ಡಿಕ್ಕಿ ಹೊಡೆಯದಿದ್ದರೆ ಅವರ ಪುಣ್ಯ.

ಬಸ್ಸಿನ ಹೊತ್ತಿನ ಜೊತೆಗೆ ಇತಿಹಾಸವನ್ನೂ ಸಾರುವ ಕ್ರಮ ಶುರುವಾದದ್ದು ಒಂದು ಮಳೆಗಾಲದಲ್ಲಿ. ಬೆಳ್ಳಾರೆ ರಸ್ತೆಗೆ ಮರ ಬಿದ್ದು ಪುತ್ತೂರಿನ ಬಸ್ಸುಗಳೆಲ್ಲ ಅರ್ಧ ಗಂಟೆ ತಡವಾಗಿ, ಜನ ಅವರು ಕೂರುವ ಗಾಜಿನ ಗೂಡಿನ ಮುಂದೆ ಜಗಳಕ್ಕೆ ನಿಂತಾಗ, ಹೇಳಲು ಬೇರೇನೂ ಇಲ್ಲದೆ ಅವರು ಅಂದಿನ ಪತ್ರಿಕೆಯ ‘ಈ ದಿನ’ ಎಂಬ ಮೂಲೆಯನ್ನು ಓದಿದರು. ಜಗಳ ನಿಂತಿತು. ಮರುದಿನ ಒಬ್ಬ ಅಜ್ಜ ಬಂದು, ‘ಇವತ್ತು ಎಂತ ಇಲ್ವಾ?’ ಎಂದು ಕೇಳಿದರು. ಅಲ್ಲಿಂದ ಮುನ್ನೂರ ಅರವತ್ತಾರು ಪುಟಗಳ ದಪ್ಪ ಪುಸ್ತಕವೊಂದು ಹುಟ್ಟಿತು, ದಿನಕ್ಕೊಂದು ಪುಟ, ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಒಂದು.

ಆ ಪುಸ್ತಕಕ್ಕೆ ಅವರದೇ ಒಂದು ನಿಯಮವಿದೆ: ಲೋಕದ್ದೊಂದು ಹೇಳಿದರೆ ಊರಿನದ್ದೊಂದು ಹೇಳಲೇಬೇಕು. ಏಪ್ರಿಲ್ ಐದರ ಪುಟ ಅವರಿಗೆ ಬಹಳ ಹೆಮ್ಮೆಯದು. ೧೮೩೭ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತನ್ನ ಧ್ವಜ ಏರಿಸಿದ್ದು ಆ ದಿನ. ತೊಂಬತ್ತಮೂರು ವರ್ಷ ಕಳೆದು ಗಾಂಧೀಜಿ ದಂಡಿಯ ಕಡಲತೀರ ಮುಟ್ಟಿದ್ದೂ ಆ ದಿನವೇ. ಎಲ್ಲ ಪುಟಗಳಿಗೂ ಇಂಥ ಭಾಗ್ಯವಿಲ್ಲ. ಟೈಟಾನಿಕ್ ಹಡಗು ಮಂಜುಗಡ್ಡೆಗೆ ಬಡಿದ ಏಪ್ರಿಲ್ ಹದಿನಾಲ್ಕಕ್ಕೆ ಊರಿನದ್ದು ಎಂದು ಸಿಕ್ಕಿದ್ದು ಬಸ್ ಏಜೆಂಟ್ ಚನಿಯಪ್ಪ ಹಿಂದೊಮ್ಮೆ ತನ್ನ ಜೀಪನ್ನು ನೀರು ಹರಿಯುವ ತೋಡಿಗೆ ಇಳಿಸಿದ ಸಂಗತಿ ಮಾತ್ರ. ಅದನ್ನೂ ಅವರು ಅದೇ ಗಂಭೀರ ಧ್ವನಿಯಲ್ಲಿ ಸಾರಿದರು.

‘ಅಕ್ಕ, ಟೈಟಾನಿಕ್ ಮುಳುಗಿಯೇ ಹೋಯ್ತು, ನನ್ನ ಜೀಪು ಮೇಲೆ ಬಂತಲ್ಲ! ಅದನ್ನೂ ಹೇಳಿ ಮಾರಾಯ್ರೆ!’ ಎಂದು ಚನಿಯಪ್ಪ ಬಸ್ಸಿನ ಮೆಟ್ಟಿಲಿನಿಂದಲೇ ಕೂಗಿದ.

‘ಯಾವ ತಾರೀಕಿಗೆ ಮೇಲೆ ಬಂದದ್ದು?’ ಎಂದು ಮೈಕು ಕೇಳಿತು. ಅವನಿಗೆ ನೆನಪಿರಲಿಲ್ಲ. ‘ಹಾಗಾದರೆ ಹೇಳ್ಲಿಕ್ಕಾಗುದಿಲ್ಲ.’

ಊರಿನ ಸಂಗತಿಯನ್ನು ಸಂಬಂಧಿಕರಲ್ಲದ ಇಬ್ಬರ ಬಾಯಿಂದ ಕೇಳದೆ ಅವರು ಬರೆಯುವುದಿಲ್ಲ, ತಾರೀಕು ಖಾತ್ರಿಯಾಗದೆ ಸಾರುವುದಿಲ್ಲ. ಇಷ್ಟು ಜಾಗ್ರತೆಯ ನಡುವೆಯೂ ಒಂದು ಪುಟದಲ್ಲಿ ಅವರು ಸೋತಿದ್ದರು. ಜುಲೈ ಇಪ್ಪತ್ತರ ಪುಟ ಅದು.

ಪಯಸ್ವಿನಿ ಹೊಳೆಗೆ ಸೇತುವೆಗಳಿಲ್ಲದ ಕಾಲದಲ್ಲಿ ಮೋನಬ್ಬ ಎಂಬವರು ದೋಣಿ ನಡೆಸುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ ಶಾಲೆಯಿಂದ ಮರಳುವ ಏಳು ಮಕ್ಕಳಿದ್ದ ದೋಣಿ ನಡುನೀರಿನಲ್ಲಿ ಮಗುಚಿತು. ಏಳೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ದಡ ಮುಟ್ಟಿಸಿದ ಮೋನಬ್ಬ ತಾವು ದಡ ಮುಟ್ಟಲಿಲ್ಲ. ಈ ಕಥೆಯನ್ನು ಕುಮುದಿನಿಗೆ ಇಬ್ಬರು ಹಿರಿಯರು ಹೇಳಿದ್ದರು. ಇಬ್ಬರಿಗೂ ತಾರೀಕು ಗೊತ್ತಿರಲಿಲ್ಲ. ‘ಮನುಷ್ಯ ಚಂದ್ರನಲ್ಲಿ ನಡೆದ ದಿನ’ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿತ್ತು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ನೋಡಿದರೆ ಅದು ೧೯೬೯ರ ಜುಲೈ ಇಪ್ಪತ್ತು. ಲೋಕದ್ದೂ ಊರಿನದ್ದೂ ಹೀಗೆ ತಾನಾಗಿ ಕೂಡಿ ಬಂದದ್ದಕ್ಕೆ ಸಂತೋಷಪಟ್ಟು, ಒಂಬತ್ತು ವರ್ಷ ಆ ದಿನ ಅದನ್ನು ಸಾರಿದರು.

೨೦೨೫ರ ಜುಲೈ ಇಪ್ಪತ್ತು ಆದಿತ್ಯವಾರ. ಸಾರಿ ಮುಗಿದು ಐದು ನಿಮಿಷವಾಗಿರಲಿಲ್ಲ, ಒಬ್ಬ ಮುದುಕರು ಕೊಡೆಯ ಹಿಡಿಯಿಂದ ಗೂಡಿನ ಗಾಜನ್ನು ತಟ್ಟಿದರು.

‘ಈಗ ಹೇಳಿದ್ದು ನೀವಾ ಅಮ್ಮ? ನಾನು ಮೂಸಕುಂಞಿ. ಮೋನಬ್ಬ ನನ್ನ ಬಾಪ, ನಾನು ಅವರ ಮಗ.’

ಕುಮುದಿನಿ ಎದ್ದು ನಿಂತರು. ಮುದುಕರು ಮುಂದುವರಿಸಿದರು: ‘ಬಾಪನ ಹೆಸರು ಹೇಳಿದಿರಿ, ಸಂತೋಷ. ಆದ್ರೆ ದಿನ ತಪ್ಪು. ಮನೆಯಲ್ಲಿ ಬಾಪನ ವರ್ಷ ಮಾಡುದು ಚಂದ್ರನ ತಿಂಗಳ ಲೆಕ್ಕದಲ್ಲಿ, ಇಂಗ್ಲಿಷ್ ತಾರೀಕು ನನಗೆ ಗೊತ್ತಿಲ್ಲ. ವಾರ ಗೊತ್ತುಂಟು. ಸೋಮವಾರ.’

‘ಪುಸ್ತಕದಲ್ಲಿ ಇಪ್ಪತ್ತು ಅಂತ ಉಂಟಲ್ಲ.’

‘ಪುಸ್ತಕದವರು ದೋಣಿಯಲ್ಲಿ ಇರಲಿಲ್ಲ ಮಾರಾಯ್ರೆ, ನಾನಿದ್ದೆ. ಆ ವರ್ಷದ ಇಪ್ಪತ್ತು ಆದಿತ್ಯವಾರ ಅಂತ ಈಗ ಇಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ನೋಡಿ ಹೇಳಿದ. ಆದಿತ್ಯವಾರ ಯಾವ ಶಾಲೆ?’

‘ಆಗ ನಿಮಗೆ ಎಷ್ಟು ಪ್ರಾಯ?’

‘ಹತ್ತು.’

‘ಹತ್ತು ವರ್ಷದವರಿಗೆ ವಾರ ಎಲ್ಲ ಎಲ್ಲಿ ನೆನಪಿರ್ತದೆ? ಚಂದ್ರನದ್ದು ತಪ್ಪುದಿಲ್ಲ, ನಿಮ್ಮ ನೆನಪೇ ತಪ್ಪಿರ್ಬೇಕು.’

ಮೈಕಿನ ಗುಂಡಿ ಸಡಿಲವಾಗಿತ್ತು. ಸಾರಿದ ಮೇಲೆ ಅದನ್ನು ಒತ್ತಿದ್ದರೂ ಅದು ಆರಿರಲಿಲ್ಲ. ‘ನಿಮ್ಮ ನೆನಪೇ ತಪ್ಪಿರ್ಬೇಕು’ ಎಂಬ ಮಾತು ನಿಲ್ದಾಣದ ನಾಲ್ಕೂ ಮೂಲೆಗಳಲ್ಲಿ ಮೊಳಗಿತು. ಯಾರೋ ನಕ್ಕರು. ‘ಅಕ್ಕ ಸರಿಯಾಗಿ ಕೊಟ್ಟರು!’ ಎಂದು ಇನ್ನೊಬ್ಬ ಕೂಗಿದ. ಮೂಸಕುಂಞಿ ಕುಮುದಿನಿಯ ಮುಖ ನೋಡಲಿಲ್ಲ. ಕಂಬದ ಮೇಲಿನ ಧ್ವನಿವರ್ಧಕವನ್ನು ಸ್ವಲ್ಪ ಹೊತ್ತು ನೋಡಿ, ‘ಆಗ್ಲಿ’ ಎಂದರು. ಸುಳ್ಯದ ತಂಗಿಯ ಮನೆಗೆ ಬಂದದ್ದೆಂದೂ, ನಾಳೆ ಹತ್ತೂಕಾಲರ ಬಸ್ಸಿಗೆ ಕಡಬಕ್ಕೆ ಮರಳುವುದೆಂದೂ, ಯಾರೂ ಕೇಳದಿದ್ದರೂ ಹೇಳಿ, ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಆ ಸಂಜೆ ಕುಮುದಿನಿ ಚಹಾ ಕುಡಿಯದೆ ಲೆಕ್ಕಕ್ಕೆ ಕೂತರು. ವರ್ಷಕ್ಕೊಂದು ದಿನ ವಾರ ಮುಂದೆ ಸರಿಯುತ್ತದೆ, ಅಧಿಕ ವರ್ಷಕ್ಕೆ ಎರಡು. ಐವತ್ತಾರು ವರ್ಷ, ನಡುವೆ ಹದಿನಾಲ್ಕು ಅಧಿಕ ವರ್ಷ. ಕೂಡಿದರೆ ಎಪ್ಪತ್ತು ದಿನ. ಹತ್ತು ವಾರ, ಒಂದೂ ಉಳಿಯಲಿಲ್ಲ. ಅಂದರೆ ಗೋಡೆಯ ಮೇಲಿರುವ ಕ್ಯಾಲೆಂಡರೇ ಆ ವರ್ಷದ್ದೂ ಕೂಡ. ಅಂದಿನ ಜುಲೈ ಇಪ್ಪತ್ತು ಆದಿತ್ಯವಾರವೇ, ಮುದುಕರು ಹೇಳಿದಂತೆ ಶಾಲೆಯಿಲ್ಲದ ದಿನವೇ. ಹಾಗಾದರೆ ಚಂದ್ರ ತಪ್ಪಿದನೇ?

ಪಕ್ಕದ ಮನೆಯ ಗಾನಶ್ರೀ ಹೈಸ್ಕೂಲಿನ ವಿಜ್ಞಾನ ಟೀಚರ್. ಅವಳು ಬೇಲಿಯ ಆಚೆಯಿಂದಲೇ ಹೇಳಿದಳು: ‘ಪುಸ್ತಕದ ತಾರೀಕು ಅಮೆರಿಕದ್ದು ಅಕ್ಕ. ಅವರಿಗೆ ಆದಿತ್ಯವಾರ ರಾತ್ರಿ ಆಗುವಾಗ ನಮಗೆ ಸೋಮವಾರ ಬೆಳಿಗ್ಗೆ. ಚಂದ್ರನ ಮೇಲೆ ಕಾಲಿಟ್ಟದ್ದು ನಮ್ಮ ಗಡಿಯಾರದಲ್ಲಿ ಇಪ್ಪತ್ತೊಂದರ ಬೆಳಿಗ್ಗೆ ಎಂಟೂವರೆ ಹತ್ತಿರ.’

ಕುಮುದಿನಿ ಎಡಗೈಯ ಗಡಿಯಾರವನ್ನು ನೋಡಿಕೊಂಡರು. ತಿಂಗಳ ತಪ್ಪನ್ನು ಉಗುರಿನಿಂದ ತಿದ್ದುತ್ತ ಬಂದವರು, ಊರಿನ ಒಂದು ಸಾವಿಗೆ ಪರವೂರಿನ ತಾರೀಕು ಕಟ್ಟಿದ್ದರು. ಅದನ್ನು ಎತ್ತಿ ಹೇಳಿದವರನ್ನೇ ನೂರು ಜನರ ಎದುರು ಸುಳ್ಳು ಮಾಡಿದ್ದರು.

ಸೋಮವಾರ ಬೆಳಿಗ್ಗೆ ವಿಷಯ ತಿಳಿದ ಚನಿಯಪ್ಪ ನಿಜವಾದ ಕಾಳಜಿಯಿಂದ ಹೇಳಿದ: ‘ಮುಂದಿನ ವರ್ಷ ಸರಿ ಮಾಡಿದ್ರೆ ಆಯ್ತಲ್ಲ ಅಕ್ಕ. ಇವತ್ತೇ ತಪ್ಪು ಅಂತ ಸಾರಿದ್ರೆ, ಇಷ್ಟು ವರ್ಷ ಹೇಳಿದ್ದು ಎಲ್ಲ ಹಾಗೆಯೇ ಅಂತ ಜನ ನಗಾಡುದಿಲ್ವಾ? ಅವರಿಗೆ ಬೇಕಾದ್ರೆ ಗುಟ್ಟಿನಲ್ಲಿ ಹೇಳಿ.’

‘ಮೈಕಿನಲ್ಲಿ ಆದದ್ದು ಮೈಕಿನಲ್ಲೇ ಹೋಗ್ಬೇಕು ಚನಿಯಪ್ಪ.’

ಮೂಸಕುಂಞಿ ಕಡಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತದ್ದನ್ನು ನೋಡಿಕೊಂಡು, ಹತ್ತು ಗಂಟೆ ಐದು ನಿಮಿಷಕ್ಕೆ ಅವರು ಗುಂಡಿ ಒತ್ತಿದರು. ನಿನ್ನೆ ಹೇಳಿದ್ದು ತಪ್ಪು, ಒಂಬತ್ತು ವರ್ಷದಿಂದ ಹೇಳುತ್ತಿದ್ದುದೂ ತಪ್ಪು, ನೆನಪು ಸರಿಯಿದ್ದದ್ದು ಮೂಸಕುಂಞಿಯವರದ್ದು ಎಂದರು. ಆಮೇಲೆ ಎಂದಿನ ಧ್ವನಿಯಲ್ಲಿ, ಐವತ್ತಾರು ವರ್ಷದ ಹಿಂದೆ ಇದೇ ಜುಲೈ ಇಪ್ಪತ್ತೊಂದು, ಸೋಮವಾರ, ಬೆಳಿಗ್ಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನೆಂದೂ, ಮಧ್ಯಾಹ್ನ ದೋಣಿಯ ಮೋನಬ್ಬ ಏಳು ಮಕ್ಕಳನ್ನು ದಡಕ್ಕೆ ಮುಟ್ಟಿಸಿ ತೀರಿಕೊಂಡರೆಂದೂ ಸಾರಿದರು. ಈ ಸಲ ಯಾರೂ ನಗಲಿಲ್ಲ.

ಮುದುಕರು ಬಸ್ಸಿನಿಂದ ಇಳಿದು ಬಂದರು. ಕುಮುದಿನಿ ಮೈಕಿನ ವಯರನ್ನೇ ಕಿತ್ತಿಟ್ಟು ಗಾಜಿನ ಬಾಗಿಲು ತೆರೆದರು.

‘ಆವತ್ತು ಮೇಷ್ಟ್ರು ರೇಡಿಯೋ ಕೇಳಿ ನಮಗೆ ಹೇಳಿದ್ದು,’ ಎಂದರು ಮೂಸಕುಂಞಿ. ‘ದೋಣಿಯಲ್ಲಿ ನಾನು ಬಾಪನಿಗೆ ಹೇಳಿದೆ, ಚಂದ್ರನಲ್ಲಿ ಈಗ ಜನ ಉಂಟಂತೆ ಅಂತ. ಬಾಪ ನಗಾಡಿ ಕೇಳಿದ್ದು, ಅಲ್ಲಿ ದಾಟಿಸ್ಲಿಕ್ಕೆ ದೋಣಿ ಉಂಟಾ ಅಂತ. ಅದು ಕೊನೆಗೆ ಮಾತಾಡಿದ್ದು.’

‘ಇದನ್ನು ಹೇಳ್ಬಹುದಾ?’

‘ಹೇಳಿ ಅಮ್ಮ. ಬಾಪನಿಗೆ ನಗಾಡುದು ಅಂದ್ರೆ ಇಷ್ಟ.’

ಹತ್ತೂಕಾಲು ಆಗಿತ್ತು, ಚಾಲಕ ಹಾರ್ನ್ ಹೊಡೆಯುತ್ತಿದ್ದ. ವಯರನ್ನು ಮತ್ತೆ ಸಿಕ್ಕಿಸಿ, ‘ಕಡಬದ ಬಸ್ಸು ಎರಡು ನಿಮಿಷ ನಿಲ್ಲಲಿ’ ಎಂದರು ಕುಮುದಿನಿ. ಹದಿನಾಲ್ಕು ವರ್ಷದಲ್ಲಿ ಅವರು ಒಂದು ಬಸ್ಸನ್ನು ತಡೆದದ್ದು ಅದೇ ಮೊದಲು. ಆಮೇಲೆ ಮೋನಬ್ಬರ ಆ ಪ್ರಶ್ನೆಯನ್ನು ಸಾರಿದರು.

ಜುಲೈ ಇಪ್ಪತ್ತರ ಪುಟದಲ್ಲಿ ಈಗ ಹಳೆಯ ಬರಹದ ಮೇಲೆ ಒಂದೇ ಗೆರೆ ಎಳೆದಿದೆ. ಕೆಳಗಿನದ್ದು ಓದಲು ಬರುವಂತೆಯೇ ಇದೆ. ಇಂಥವರು ತಪ್ಪನ್ನು ಅಳಿಸುವುದಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ಚಂದ್ರನಿಗೆ ಹೋದವರ ಹೆಸರನ್ನು ಲೋಕ ತಾನೇ ನೆನಪಿಟ್ಟುಕೊಳ್ಳುತ್ತದೆ, ಅದಕ್ಕೆ ನಮ್ಮ ಸಹಾಯ ಬೇಡ. ಅದೇ ದಿನ ನಮ್ಮ ಹೊಳೆಯಲ್ಲಿ ದೋಣಿ ನಡೆಸಿದವರು ಯಾರು ಎಂದು ಕೇಳಲು, ಕೇಳಿದ್ದನ್ನು ತಿದ್ದಿಕೊಳ್ಳಲು, ತಾರೀಕು ಕೇಳುವ ಇಂಥ ಒಬ್ಬರು ಪ್ರತಿ ಊರಿನ ಬಸ್ ನಿಲ್ದಾಣದಲ್ಲಿ ಬೇಕಾಗುತ್ತದೆ.